ಹಡೆಯದವಳಿಗೆ ಅಂಟಿನ ಉಂಡೆ

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ನಾನು ದುಮ್ಮವಾಡದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಇಪ್ಪತ್ತೆರಡು ವರ್ಷಗಳಿಂದ, ಆಹಾರದ ಪಾಠ ಬಂದಾಗಲೆಲ್ಲ, ಕರಿಹಲಗೆಯ ಮೇಲೆ ಒಂದು ಹಾಲಿನ ಲೋಟ ಬರೆದು, ಅದರಿಂದ ಒಂದು ಬಾಣ ಎಳೆದು, ಬಾಣದ ತುದಿಗೆ 'ಕ್ಯಾಲ್ಸಿಯಂ: ಎಲುಬು, ಹಲ್ಲು' ಎಂದು ಬರೆಯುತ್ತ ಬಂದಿದ್ದೇನೆ. ಹಾಲಿಗೂ ನನಗೂ ಇರುವ ಸಂಬಂಧ ಅಷ್ಟೇ. ಮನೆಯಲ್ಲಿ ಎರಡು ಎಮ್ಮೆಗಳಿವೆ. ಅವು ಎರಡೂ ಹೊತ್ತು ಕೊಡುವ ಹಾಲು ಕ್ಯಾನಿನಲ್ಲಿ ಕೂತು ಸೀದಾ ಡೇರಿಗೆ ಹೋಗುತ್ತದೆ. ನಮಗೆ ಚಹಾಕ್ಕೆ ಒಂದಿಷ್ಟು ಉಳಿಯುತ್ತದೆ. ಆ ಚಹಾವನ್ನೂ ನಾನು ಇಟ್ಟಂಗಿ ಬಣ್ಣಕ್ಕೆ ಬರುವ ತನಕ ಕುದಿಸಿ, ಒಳಗಿರುವ ಹಾಲಿಗೆ ತಾನು ಹಾಲು ಎಂಬುದು ಮರೆತು ಹೋದ ಮೇಲೆಯೇ ಇಳಿಸುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಅಂದದ್ದು ಬಹುಶಃ ಟೀಚರುಗಳನ್ನು ನೋಡಿಯೇ.

ಹೀಗಿರುವಾಗ, ಈಗಿನ ಹುಡುಗ ಹುಡುಗಿಯರಿಗೆ ತಮ್ಮ ಎಲುಬಿನ ಖಬರಿಲ್ಲ ಎಂದು ಬೈಯುವ ಅಧಿಕಾರ ನನಗಿಲ್ಲ. ಆದರೂ ಬೈಯುತ್ತೇನೆ. ಅಧಿಕಾರ ಇದ್ದವರೇ ಬೈಯಬೇಕು ಎಂದಿದ್ದರೆ ನಮ್ಮ ಊರಿನ ಕಟ್ಟೆಗಳೆಲ್ಲ ಎಂದೋ ಬಾಯಿ ಕಟ್ಟಿಕೊಂಡು ಕೂತಿರುತ್ತಿದ್ದವು.

ಒಮ್ಮೆ ಕಲಘಟಗಿಯ ಒಂದು ಕಾಲೇಜಿನವರು ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದು ನನ್ನನ್ನು ಕರೆದರು. ನಾನೂ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಎದುರಿಗೆ ಇನ್ನೂರು ಮಂದಿ, ಎಲ್ಲರೂ ಇಪ್ಪತ್ತರ ಆಸುಪಾಸಿನವರು. “ದಿನಾ ಹಾಲು ಕುಡಿಯುವವರು ಕೈ ಎತ್ತಿ” ಎಂದೆ. ಮೂರು ಕೈ ಎದ್ದವು. ಅದರಲ್ಲಿ ಒಂದು, ಹೊರಗೆ ಹೋಗಲು ಅನುಮತಿ ಕೇಳುವ ಕೈ.

“ಹಾಲಿನಾಗ ಏನೈತ್ರಿ ಟೀಚರ್, ಬರೇ ಯೂರಿಯಾ” ಎಂದು ಹಿಂದಿನ ಬೆಂಚಿನ ಒಬ್ಬ ಹೇಳಿದ. ಅವನ ಅಪ್ಪ ಊರಿನ ಡೇರಿಗೆ ದಿನಾ ಹಾಲು ಹಾಕುವವನೆಂದು ಆಮೇಲೆ ತಿಳಿಯಿತು. ಒಳಗಿನ ಸುದ್ದಿ ಇದ್ದೀತೆಂದು ನಾನು ಹೆಚ್ಚು ಕೆದಕಲಿಲ್ಲ. ಹುಡುಗಿಯರ ಕಡೆ ತಿರುಗಿದರೆ ಅಲ್ಲಿ ಬೇರೆಯೇ ವೈದ್ಯಶಾಸ್ತ್ರ. ಹಾಲು ಕುಡಿದರೆ ಮೊಡವೆ ಏಳುತ್ತವೆ. ಮೊಸರು ತಿಂದರೆ ನೆಗಡಿ. ಎಳ್ಳು ಉಷ್ಣ. ನುಗ್ಗಿ ತಪ್ಪಲಿಗೆ ವಾಸನೆ. ರಾಗಿ ಬೆಂಗಳೂರ ಕಡೆಯವರದು. ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದು ಗೋಬಿ ಮಂಚೂರಿ, ಅದಕ್ಕೆ ಮಾತ್ರ ಯಾವ ದೋಷವೂ ಇಲ್ಲ. “ಎಲುಬು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ?” ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿ ಒಂದು ಕ್ಷಣವೂ ಯೋಚಿಸದೆ “ನಮ್ಮ ಅಜ್ಜಿರಿ” ಎಂದಳು. ಸಭೆಯೆಲ್ಲ ತಲೆದೂಗಿತು. ಎಲುಬು ಎಂಬುದು ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸದಾಗಿ ಬೆಳೆಯುವ ಒಂದು ಅಂಗ ಎಂದು ಆ ಕಾಲೇಜಿನಲ್ಲಿ ಆ ದಿನ ಸರ್ವಾನುಮತದಿಂದ ತೀರ್ಮಾನವಾಯಿತು.

ಇದರಲ್ಲಿ ಅವರ ತಪ್ಪೂ ಪೂರ್ತಿ ಇಲ್ಲ. ಈಗ ಪ್ರೋಟೀನಿನ ದರಬಾರು. ಪ್ರೋಟೀನು ತಿಂದರೆ ತೋಳು ಉಬ್ಬುತ್ತದೆ, ಉಬ್ಬಿದ ತೋಳನ್ನು ಮೊಬೈಲಿನಲ್ಲಿ ಹಾಕಬಹುದು, ನಾಲ್ಕು ಮಂದಿ ಮೆಚ್ಚುತ್ತಾರೆ. ನಮ್ಮ ಓಣಿಯ ಒಂದು ಮನೆಯಲ್ಲಿ ಪ್ರೋಟೀನ್ ಪುಡಿಯ ಡಬ್ಬಿಯನ್ನು ದೇವರ ಜಗಲಿಯ ಮೇಲೆ ಇಟ್ಟದ್ದನ್ನು ನಾನೇ ಕಂಡಿದ್ದೇನೆ. ಇಲಿ ಕಾಟಕ್ಕೆ ಎಂದರು, ನನಗೆ ನಂಬಿಕೆ ಬರಲಿಲ್ಲ. ಪಾಪ ಎಲುಬು! ಅದನ್ನು ಯಾರು ಫೋಟೋ ತೆಗೆಯುತ್ತಾರೆ? ಒಳಗೆ ಕೂತು ಇಡೀ ಮನೆಯ ಭಾರ ಹೊರುವ ಹಿರಿಸೊಸೆಯ ಹಾಗೆ ಅದು. ಬಿದ್ದು ಮುರಿದುಕೊಳ್ಳುವ ತನಕ ಅದೊಂದು ಇದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ.

ನಮ್ಮ ತವರಿನಲ್ಲಿ, ನವಲಗುಂದದ ಎರೆಭೂಮಿಯಲ್ಲಿ, ಹಿಂದೆ ಹಗೇವು ಇರುತ್ತಿತ್ತು. ನೆಲದೊಳಗೆ ಮನುಷ್ಯ ಇಳಿಯುವಷ್ಟು ಆಳದ ಕುಣಿ. ಸುಗ್ಗಿಯಲ್ಲಿ ಜೋಳ ಸುರಿದು ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ತೆಗೆದು ತಿನ್ನಬಹುದು. ಎಲುಬೂ ಹಾಗೆಯೇ ಎಂದು ನಾನು ಕ್ಲಾಸಿನಲ್ಲಿ ಹೇಳುತ್ತೇನೆ. ಮೂವತ್ತರ ಒಳಗೆ ತುಂಬಿಕೊಂಡದ್ದು ತುಂಬಿಕೊಂಡಂತೆ. ಆಮೇಲೆ ತೆಗೆಯುವುದೇ ಹೆಚ್ಚು, ಹಾಕುವುದು ಕಡಿಮೆ. ಹೆಣ್ಣುಮಕ್ಕಳದಂತೂ ಮುಟ್ಟು ನಿಂತ ಮೇಲೆ ಇನ್ನೂ ಬೇಗ ಬರಿದಾಗುತ್ತದೆ. ಈ ಹೋಲಿಕೆ ನನಗೆ ಬಹಳ ಹಿಡಿಸಿತ್ತು. ಮಕ್ಕಳಿಗೆ ಹಗೇವು ಎಂದರೇನೆಂದೇ ಗೊತ್ತಿಲ್ಲ ಎಂಬುದು ಗೊತ್ತಾಗಲು ನನಗೆ ಹದಿನೆಂಟು ವರ್ಷ ಹಿಡಿಯಿತು. ಯಾರೂ ಕೇಳಿರಲಿಲ್ಲ, ಎಲ್ಲರೂ ಬರೆದುಕೊಂಡಿದ್ದರು.

ಊರ ಮಕ್ಕಳ ಎಲುಬಿನ ಮಾತು ಸಾಕು. ನನ್ನ ಮಗಳ ಎಲುಬಿಗೆ ಬರುತ್ತೇನೆ.

ಅಕ್ಷತಾಗೆ ಇಪ್ಪತ್ತೆರಡು. ಬಿ.ಕಾಂ. ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಆಗುತ್ತೇನೆಂದು ಕೂತಳು. ಲಿಖಿತ ಪರೀಕ್ಷೆಯಲ್ಲಿ ಪಾಸೂ ಆದಳು. ಉಳಿದದ್ದು ದೈಹಿಕ ಪರೀಕ್ಷೆ: ನಾನೂರು ಮೀಟರ್ ಓಟ, ಜಿಗಿತ, ಗುಂಡು ಎಸೆತ. ನಮ್ಮ ಮನೆಯವರಿಗೆ ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಮಾತು ಕಡಿಮೆ, ಆಡಿದ ಮಾತು ಮಾತ್ರ ಕಲ್ಲು. ಅವರು ಮಗಳಿಗೆ ಒಂದೇ ಕರಾರು ಹಾಕಿದ್ದರು. “ಈ ಸಲ ಆತು ಅಂದ್ರ ನೌಕರಿ. ಆಗಲಿಲ್ಲ ಅಂದ್ರ ತಿರ್ಲಾಪುರ.” ತಿರ್ಲಾಪುರ ಎಂದರೆ ನವಲಗುಂದ ತಾಲೂಕಿನಿಂದ ಬಂದ ಒಂದು ಸಂಬಂಧ. ಹತ್ತಿ ಬೆಳೆಯುವ ಮನೆತನ, ಸಂಭಾವಿತ ಹುಡುಗ, ತೆಗೆದುಹಾಕುವಂಥ ಐಬು ಏನೂ ಇಲ್ಲ. ಅದೇ ತೊಂದರೆ. ಐಬು ಇದ್ದಿದ್ದರೆ ಬೇಡ ಎನ್ನಲು ಅವಳಿಗೊಂದು ದಾರಿ ಇರುತ್ತಿತ್ತು. ಈಗ ಅವಳಿಗೆ ಇದ್ದ ದಾರಿ ಒಂದೇ, ಆ ನಾನೂರು ಮೀಟರಿನದು.

ಓಡಿದಳು. ದಿನಾ ನಸುಕಿನಲ್ಲಿ ಎದ್ದು, ಡಾಂಬರು ರಸ್ತೆಯ ಮೇಲೆ, ಸವೆದ ಬೂಟಿನಲ್ಲಿ ಓಡಿದಳು. ತೂಕ ಇಳಿದಷ್ಟೂ ಓಟ ಏರುತ್ತದೆ ಎಂದು ಮೊಬೈಲಿನೊಳಗಿನ ಯಾವುದೋ ಪುಣ್ಯಾತ್ಮ ಹೇಳಿದ್ದನಂತೆ. ಬೆಳಿಗ್ಗೆ ಹಾಲಿಲ್ಲದ ಕಾಫಿ, ಮಧ್ಯಾಹ್ನ ಒಂದು ರೊಟ್ಟಿ, ಸಂಜೆ ನೂಡಲ್ಸು. ಇದಕ್ಕೆ ಡಯೆಟ್ ಎಂದು ಹೆಸರು. ನಮ್ಮ ಕಾಲದಲ್ಲಿ ಇದನ್ನೇ ಉಪವಾಸ ಎನ್ನುತ್ತಿದ್ದೆವು, ಕನಿಷ್ಠ ಪುಣ್ಯವಾದರೂ ಬರುತ್ತಿತ್ತು. ಕೆಲವು ವಾರಗಳಲ್ಲಿ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ನೋವು ಶುರುವಾಯಿತು. ಹದಿನೈದು ದಿನ ಯಾರಿಗೂ ಹೇಳದೆ ಓಡಿದಳು. ಹೇಳಿದರೆ ಅಪ್ಪ ತಿರ್ಲಾಪುರಕ್ಕೆ ಫೋನು ಮಾಡುತ್ತಾನೆ ಎಂಬ ಹೆದರಿಕೆ. ಒಂದು ದಿನ ಮನೆಯ ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿದು ನಿಂತಳು.

ಹುಬ್ಬಳ್ಳಿಯ ಎಲುಬಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಮನ್ಯಾಗ ದನಾ ಅದಾವೇನ್ರಿ?”

“ಎರಡು ಎಮ್ಮಿ ಅದಾವ್ರಿ.”

“ಹಾಲು ಯಾರು ಕುಡೀತಾರ್ರಿ?”

“ಡೇರಿಯವರ್ರಿ.”

“ನೀವೇನು ಮಾಡ್ತೀರಿ?”

“ವಿಜ್ಞಾನ ಕಲಸ್ತೀನ್ರಿ” ಎಂದೆ. ಡಾಕ್ಟರು ಬಹಳ ಸಭ್ಯರು, ನಗಲಿಲ್ಲ. ಪೆನ್ನಿನ ಟೋಪಿ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. “ಆರು ವಾರ ಓಡೂದು ಬಂದ್. ಆಮ್ಯಾಲೆ ಹಗೂರಕ ಸುರು ಮಾಡ್ಲಿ. ಗುಳಿಗಿ ಬರದು ಕೊಡ್ತೀನಿ. ಆದ್ರ ಬರೇ ಗುಳಿಗಿ ಮ್ಯಾಲೆ ಎಲಬು ನಿಲ್ಲಂಗಿಲ್ರಿ. ಹುಡುಗಿಗೆ ಊಟಾ ಮಾಡಸ್ರಿ.” ದೈಹಿಕ ಪರೀಕ್ಷೆಗೆ ಆಗ ಮೂರು ತಿಂಗಳಿತ್ತು.

ಮರುದಿನದಿಂದಲೇ ಎಮ್ಮೆಯ ಹಾಲು ಮನೆಯಲ್ಲಿ ಉಳಿಯಿತು. ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು. ಅಕ್ಷತಾ ಲೋಟ ತೆಗೆದುಕೊಂಡು ಹಿತ್ತಲಿಗೆ ಹೋಗುವಳು, ಖಾಲಿ ಲೋಟ ತರುವಳು. ನನಗೆ ಸಮಾಧಾನ. ಒಂದು ವಾರದ ಮೇಲೆ ನೋಡುತ್ತೇನೆ, ನಮ್ಮ ಬೆಕ್ಕು ಅಡುಗೆಮನೆಯ ಕಿಟಕಿಯಿಂದ ಹಿತ್ತಲ ಗೋಡೆಗೆ ಒಂದೇ ನೆಗೆತಕ್ಕೆ ಹಾರುತ್ತಿದೆ. ಮೈ ಮಿರಮಿರ ಮಿಂಚುತ್ತಿದೆ. ಪೊಲೀಸ್ ಇಲಾಖೆ ಬೆಕ್ಕನ್ನು ತೆಗೆದುಕೊಳ್ಳುವಂತಿದ್ದರೆ ಆ ವರ್ಷ ನಮ್ಮ ಮನೆಯಿಂದ ಒಂದು ಆಯ್ಕೆ ಖಾತ್ರಿಯಿತ್ತು.

“ಗುಳಿಗಿ ತುಗೊಳ್ಳಾಕತ್ತೇನಲ್ಲ ಬೇ, ಮತ್ತ ಹಾಲ್ಯಾಕ?” ಎಂದಳು ಮಗಳು. ಈಗಿನವರ ಲೆಕ್ಕ ಇದೇ. ಗುಳಿಗೆಯ ಮೇಲೆ ಬರೆದಿದ್ದರೆ ಅದು ಕ್ಯಾಲ್ಸಿಯಂ. ಲೋಟದಲ್ಲಿ ಇದ್ದರೆ ಅದು ಅವ್ವನ ಕಾಟ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಮ್ಮ ಹಿತ್ತಲಲ್ಲಿ ಎಮ್ಮೆಯೇ ನಿಂತಿತ್ತು.

ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಹೊಳೆಯಬಾರದಿತ್ತು. ನಮ್ಮ ಕಡೆ ಎಲುಬು ಗಟ್ಟಿಯಾಗಲೆಂದೇ ಮಾಡುವ ಒಂದು ತಿನಿಸಿದೆ, ಅಂಟಿನ ಉಂಡೆ. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದರೆ ಅರಳಿನ ಹಾಗೆ ಉಬ್ಬುತ್ತದೆ. ಅದಕ್ಕೆ ಹುರಿದ ಗಸಗಸೆ, ಒಣಕೊಬ್ಬರಿ, ಉತ್ತತ್ತಿ, ಬದಾಮಿ, ಜಾಜಿಕಾಯಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಅಂಟಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ನನ್ನನ್ನು ಕೇಳಬೇಡಿ. ಗಸಗಸೆಯಲ್ಲಿ ಬೇಕಾದಷ್ಟಿದೆ, ಎಳ್ಳಿನಲ್ಲೂ ಇದೆ. ನಾನು ಶಾಸ್ತ್ರ ಬಿಟ್ಟು ಎರಡು ಮುಷ್ಟಿ ಎಳ್ಳನ್ನೂ ಹಾಕಿದೆ. ಒಂದು ರವಿವಾರ ಬೆಳಿಗ್ಗೆ, ಕಿಟಕಿ ಬಾಗಿಲು ಎಲ್ಲ ತೆರೆದುಕೊಂಡು, ಹಾಡು ಗುನುಗುತ್ತ ಅಂಟು ಕರಿದೆ.

ಓದುವವರಲ್ಲಿ ನಮ್ಮ ಕಡೆಯವರಿದ್ದರೆ ಇಷ್ಟು ಹೊತ್ತಿಗೆ ಹಣೆ ಬಡಿದುಕೊಂಡಿರುತ್ತಾರೆ. ಉಳಿದವರಿಗೆ ಹೇಳಬೇಕು. ಅಂಟಿನ ಉಂಡೆ ಬಾಣಂತಿಯ ತಿನಿಸು. ಹೆರಿಗೆ ಇಲ್ಲದ ಮನೆಯಲ್ಲಿ ಅದನ್ನು ಯಾರೂ ಕಟ್ಟುವುದಿಲ್ಲ. ಓಣಿಯಲ್ಲಿ ಅಂಟು ಕರಿದ ವಾಸನೆ ಬಂತೆಂದರೆ ತೊಟ್ಟಿಲು ಎಲ್ಲಿ ಎಂದು ಜನ ತಿರುಗಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಇದ್ದವರು ಮೂವರು: ನಾನು, ಬಸಿರಿನ ವಯಸ್ಸು ದಾಟಿದವಳು. ನಮ್ಮ ಮನೆಯವರು, ಅವರ ಬಗ್ಗೆ ಅನುಮಾನಕ್ಕೆ ಅವಕಾಶವೇ ಇಲ್ಲ. ಇನ್ನುಳಿದದ್ದು ಮದುವೆಯಾಗದ ಮಗಳು.

ಮೊದಲು ಬಂದವಳು ಬಾಜು ಮನೆಯ ನೀಲವ್ವ ಕಾಕು. ಕೈಯಲ್ಲಿ ಬಟ್ಟಲು, ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಬೇಕಂತೆ.

“ಟೀಚರ, ಏನ್ರೀ ಇದು, ಓಣಿ ತುಂಬಾ ಘಮ್ ಅನ್ನಾಕತ್ತೈತಿ. ಅಂಟು ಕರದ್ರೇನು?”

“ಹೌದ್ರಿ ಕಾಕು. ಅಕ್ಷತಾಗ.”

ಕಾಕು ಸುಮ್ಮನಾದಳು. ಆಕೆ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಅಕ್ಷತಾ ಮಂಚದ ಮೇಲೆ ಕಾಲು ಚಾಚಿ, ಚಳಿಗೆ ದುಪ್ಪಟಿ ಹೊದ್ದು, ದಿಂಬಿಗೆ ಒರಗಿ ಕೂತಿದ್ದಳು. ಕಾಕುವಿನ ಕಣ್ಣು ಆ ದುಪ್ಪಟಿಯ ಮೇಲೆ ಒಂದು ಸುತ್ತು ಹೊಡೆದು ಬಂತು. “ಡಾಕ್ಟರು ಮನಿ ಬಿಟ್ಟು ಅಡ್ಡಾಡಬ್ಯಾಡ ಅಂದಾರ್ರಿ, ಪಾಪ” ಎಂದು ನಾನು ಬೇರೆ ಒಗ್ಗರಣೆ ಕೊಟ್ಟೆ. ಕಾಕು ಮಜ್ಜಿಗೆ ಒಯ್ಯುವುದನ್ನೇ ಮರೆತು ಖಾಲಿ ಬಟ್ಟಲು ಹಿಡಿದು ಹೋದಳು.

ನಾನು ಮಕ್ಕಳಿಗೆ ವಿಜ್ಞಾನದ ವಿಧಾನ ಕಲಿಸುತ್ತೇನೆ: ಗಮನಿಸು, ದಾಖಲಿಸು, ತೀರ್ಮಾನಿಸು. ನನ್ನ ಯಾವ ವಿದ್ಯಾರ್ಥಿಯೂ ಅದನ್ನು ನಮ್ಮ ಓಣಿಯ ಹೆಂಗಸರಷ್ಟು ನಿಷ್ಠೆಯಿಂದ ಪಾಲಿಸಿಲ್ಲ. ದಿನಾ ಓಡುತ್ತಿದ್ದ ಹುಡುಗಿ ಒಮ್ಮೆಲೇ ಹೊರಗೆ ಕಾಣುತ್ತಿಲ್ಲ. ತಾಯಿ ಎರಡು ಸಲ ಹುಬ್ಬಳ್ಳಿ ದವಾಖಾನೆಗೆ ಕರೆದೊಯ್ದಿದ್ದಾಳೆ. ಮನೆಯಲ್ಲಿ ಡೇರಿಗೆ ಹಾಲು ಹಾಕುವುದು ಬಂದಾಗಿದೆ. ಈಗ ಅಂಟಿನ ಉಂಡೆ. ಇನ್ನೇನು ಉಳಿಯಿತು, ತೀರ್ಮಾನ ಬಿಟ್ಟು?

ಓಣಿಯ ಈ ತೀರ್ಮಾನ ಕಿವಿಗೆ ಬಿದ್ದ ಕೂಡಲೇ ನಾನು ಇನ್ನೊಂದು ಜಾಣತನ ಮಾಡಿದೆ. ಎಲುಬಿನ ಫೋಟೋ ತೆಗೆದುಕೊಂಡು ಮನೆ ಮನೆಗೆ ಹೋದೆ, ಬಿರುಕು ತೋರಿಸಿದರೆ ಬಾಯಿ ಮುಚ್ಚುತ್ತವೆ ಎಂದು. ಆ ಫೋಟೋ ಒಂದು ದೊಡ್ಡ ಲಕೋಟೆಯಲ್ಲಿತ್ತು. ಲಕೋಟೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ 'ಸ್ಕ್ಯಾನಿಂಗ್ ಸೆಂಟರ್' ಎಂದು ಅಚ್ಚಾಗಿತ್ತು. ಒಳಗಿನ ಎಲುಬನ್ನು ಯಾರೂ ನೋಡಲಿಲ್ಲ. ಲಕೋಟೆಯನ್ನು ಎಲ್ಲರೂ ಓದಿದರು. ನಮ್ಮ ಊರಿನಲ್ಲಿ ಸಾಕ್ಷರತೆ ಚೆನ್ನಾಗಿದೆ.

ಗಡಿಗೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲು ಬರುವುದಿಲ್ಲ. ದುಮ್ಮವಾಡದಿಂದ ತಿರ್ಲಾಪುರಕ್ಕೆ ಹೋಗಬೇಕಾದರೆ ಹುಬ್ಬಳ್ಳಿಯಲ್ಲಿ ಇಳಿದು, ನವಲಗುಂದದ ಬಸ್ಸು ಹಿಡಿದು, ಅರ್ಧ ದಿನ ಕಳೆಯಬೇಕು. ನನ್ನ ಅಂಟಿನ ವಾಸನೆ ಎರಡೇ ದಿನದಲ್ಲಿ ಎಲ್ಲ ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿತು. ನೀಲವ್ವ ಕಾಕುವಿನ ತವರು ಆ ಕಡೆಯದೇ. ಮೂರನೆಯ ದಿನ ನಮ್ಮ ಮನೆಯವರಿಗೆ ಫೋನು ಬಂತು. ಹುಡುಗನ ಕಡೆಯವರು ಸ್ವಲ್ಪ ತಡೆದು ನೋಡುತ್ತಾರಂತೆ. ಯಾಕೆ ಎಂದು ಅವರು ಹೇಳಲಿಲ್ಲ. ಇವರೇ ಊರಲ್ಲಿ ವಿಚಾರಿಸಿ ತಿಳಿದುಕೊಂಡು ಬಂದರು.

“ನಿನಗ ಶೇಂಗಾ ಉಂಡಿ ಮಾಡಾಕ ಬರಲಿಲ್ಲೇನು?” ಎಂದರು ಬಾಗಿಲಲ್ಲೇ ನಿಂತು.

ಅಷ್ಟು ದಿನ ನಗುತ್ತ ತಳ್ಳಿಕೊಂಡು ಬಂದಿದ್ದೆ. ಆ ಮಾತಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. “ಅಕಿ ಎಲಬು ಸೀಳಿದ್ದು ಊರಿಗೆ ಕಾಣಲಿಲ್ಲ, ನಿಮಗೂ ಕಾಣಲಿಲ್ಲ. ಒಂದು ಉಂಡಿ ತಿಂದದ್ದು ಎಲ್ಲಾರಿಗೂ ಕಾಣ್ತು, ಹಂಗನೂ? ಶೇಂಗಾ ಉಂಡಿಗೆ ಅಕಿ ಕಾಲು ಕೂಡತೈತಿ ಅಂದ್ರ ಹೇಳ್ರಿ, ಈಗ ಹುರೀತೀನಿ” ಎಂದೆ. ಕೂಗಿಯೇ ಹೇಳಿದೆ. ಓಣಿ ಕೇಳಲಿ ಎಂದೇ ಕೂಗಿದೆ. ಅವರು ಒಳಗೆ ಹೋಗಿ ಕೂತರು. ನಾನು ಒಲೆಯ ಮುಂದೆ ಕೂತು ಅತ್ತೆ. ಮಗಳ ಹೆಸರು ಊರ ಬಾಯಲ್ಲಿ ಬಿದ್ದದ್ದು ನನ್ನ ಕೈಯಿಂದಲೇ, ನನ್ನ ಬಾಣಲೆಯಿಂದಲೇ ಎಂದು ಅತ್ತೆ.

ಅಕ್ಷತಾ ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಸಂಜೆ, ಹೆಂಗಸರೆಲ್ಲ ಕಟ್ಟೆಗೆ ಬಂದು ಕೂಡುವ ಹೊತ್ತಿಗೆ, ಕುಂಟುತ್ತ ಹೊರಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ತೊಡೆಯ ಮೇಲೆ ಉಂಡೆಯ ಡಬ್ಬಿ. ಒಂದು ತಿಂದಳು. “ಅವ್ವಾ, ಹಾಲು ತಾ ಬೇ!” ಎಂದು ಕೂಗಿದಳು. ನಾನು ಕಿವಿಯನ್ನು ನಂಬದೆ ಲೋಟ ಒಯ್ದೆ. ಬೆಕ್ಕೂ ಹಿಂದೆಯೇ ಬಂತು, ಅದಕ್ಕೆ ಏನೂ ಸಿಗಲಿಲ್ಲ. ನೀಲವ್ವ ಕಾಕುವನ್ನೇ ನೋಡುತ್ತ, ಒಂದು ಹನಿ ಬಿಡದೆ ಕುಡಿದು, ಲೋಟವನ್ನು ಟಣ್ ಎಂದು ಕಟ್ಟೆಯ ಮೇಲಿಟ್ಟಳು.

ಅಂದಿನಿಂದ ಅದು ದಿನದ ಕಾರ್ಯಕ್ರಮವಾಯಿತು. ಕ್ಯಾಲ್ಸಿಯಂ ಬಗ್ಗೆ ಯುವಜನರಲ್ಲಿ ಅರಿವು ಮೂಡಿಸುವುದು ಹೇಗೆ ಎಂದು ದೊಡ್ಡವರು ಸಭೆ ಮಾಡುತ್ತಾರಲ್ಲ, ಅವರಿಗೆ ನನ್ನದೊಂದು ಸಲಹೆ. ಭಾಷಣ ಬಿಡಿ. ಊರಿನ ನಾಲ್ಕು ಹೆಂಗಸರಿಂದ ಅದನ್ನು ತಿನ್ನಬೇಡ ಎನ್ನಿಸಿ, ಸಾಕು. ನನ್ನ ಇಪ್ಪತ್ತೆರಡು ವರ್ಷದ ಪಾಠದಿಂದ ಆಗದ ಕೆಲಸವನ್ನು ನೀಲವ್ವ ಕಾಕು ಒಂದೇ ನೋಟದಲ್ಲಿ ಮಾಡಿದ್ದಳು. ಅಕ್ಷತಾ ಜೊತೆ ಪರೀಕ್ಷೆಗೆ ತಯಾರಿ ಮಾಡುತ್ತಿದ್ದ ಇಬ್ಬರು ಹುಡುಗಿಯರೂ ಕಟ್ಟೆಗೆ ಬಂದು ಕೂತರು. ಮೊಡವೆ, ನೆಗಡಿ, ಉಷ್ಣ ಎಲ್ಲ ಎಲ್ಲಿಗೆ ಹೋದವೋ ಗೊತ್ತಿಲ್ಲ. ಹಾದಿಯ ಮೇಲಿನ ಹುಡುಗರು ಅವರಿಗೆ 'ಬಾಣಂತ್ಯಾರ ಬ್ಯಾಚ್' ಎಂದು ಹೆಸರಿಟ್ಟರು. ಅವರು ಆ ಹುಡುಗರ ಕಡೆ ನೋಡಿ ಇನ್ನೊಂದೊಂದು ಉಂಡೆ ತಿಂದರು. ನಾನು ಎರಡು ಸಲ, ಮೂರು ಸಲ ಅಂಟು ಕರಿದೆ. ಕಿಟಕಿ ಮುಚ್ಚಲಿಲ್ಲ.

ಕರಿಯುತ್ತ ಕೂತಾಗ ನನ್ನ ಬಾಣಂತನ ನೆನಪಾಗುತ್ತಿತ್ತು. ತವರಲ್ಲಿ ನಮ್ಮವ್ವ ಒಂದು ದೊಡ್ಡ ಡಬ್ಬಿ ತುಂಬ ಉಂಡೆ ಕಟ್ಟಿದ್ದಳು. ದಿನಾ ಬೆಳಿಗ್ಗೆ ಒಂದು ಕೈಯಲ್ಲಿಟ್ಟು “ನಡಾ ಹೆಂಗೈತಿ?” ಎಂದು ಕೇಳುತ್ತಿದ್ದಳು. ನನ್ನ ನಡ ಹೇಗಿದೆ ಎಂದು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಡಬ್ಬಿ ಖಾಲಿಯಾದ ಮೇಲೂ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಈಗ ಕೂತು ಏಳುವಾಗ ಮೊಣಕಾಲು ಹಳೆಯ ಬಾಗಿಲಿನ ಹಾಗೆ ಸದ್ದು ಮಾಡುತ್ತದೆ. ಕರಿದ ಅಂಟನ್ನು ಕುಟ್ಟುವಾಗ ಒಂದು ಚೂರು ಬಾಯಿಗೆ ಹಾಕಿಕೊಳ್ಳೋಣ ಎನಿಸುತ್ತಿತ್ತು. ಹುಡುಗಿಗೆ ಕಡಿಮೆಯಾದೀತು ಎಂದು ಬಿಡುತ್ತಿದ್ದೆ.

ಆರು ವಾರ ಕಳೆಯಿತು. ಡಾಕ್ಟರು ಎಲುಬು ಕೂಡಿದೆ ಎಂದರು. ಮೊದಲು ನಡಿಗೆ, ಆಮೇಲೆ ಶಾಲೆಯ ಮೈದಾನದ ಮಣ್ಣಿನ ಮೇಲೆ ಮೆಲ್ಲನೆ ಓಟ. ನಮ್ಮ ಮನೆಯವರು ಒಂದು ದಿನ ಏನೂ ಹೇಳದೆ ಒಂದು ಜೋಡಿ ಹೊಸ ಬೂಟು ತಂದು ಬಾಗಿಲಲ್ಲಿಟ್ಟರು. ತಪ್ಪಾಯಿತು ಎನ್ನುವುದಕ್ಕೆ ಅವರ ಹತ್ತಿರ ಬೇರೆ ಶಬ್ದವಿಲ್ಲ.

ಪರೀಕ್ಷೆ ಧಾರವಾಡದಲ್ಲಿ. ಅಪ್ಪ ಮಗಳು ನಸುಕಿನ ಬಸ್ಸಿಗೆ ಹೋದರು. ನಾನು ಹೋಗಲಿಲ್ಲ. ಅವಳು ಓಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಆ ಕೂದಲೆಳೆ ಮತ್ತೆ ಸೀಳಿದರೆ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ರಜೆ ಹಾಕಿ ಮನೆಯಲ್ಲಿ ಕೂತು, ಒಮ್ಮೆ ಉಜ್ಜಿದ ಪಾತ್ರೆಗಳನ್ನೇ ಮತ್ತೊಮ್ಮೆ ಉಜ್ಜುತ್ತಿದ್ದೆ.

ಹತ್ತು ಗಂಟೆಯ ಸುಮಾರಿಗೆ ಬಾಗಿಲಲ್ಲಿ ಯಾರೋ ಹೆಂಗಸು. ಐವತ್ತೈದರ ವಯಸ್ಸು, ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಮೊಣಕಾಲಿನ ಮೇಲೆ.

“ನಾ ತಿರ್ಲಾಪುರದ ಶಿವಕ್ಕರಿ. ಹುಡುಗನ ತಾಯಿ.”

ಕೈಯಲ್ಲಿದ್ದ ತಾಟು ಕೆಳಗಿಟ್ಟು, ಒಳಗೆ ಕರೆದು ಕೂಡಿಸಿದೆ. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. “ಕಲಘಟಗಿಗೆ ಬೀಗರ ಮನಿಗೆ ಬಂದಿದ್ದೆ. ಮಂದಿ ಮಾತು ಕೇಳಿ ಸುಮ್ಮನ ಬಿಟ್ಟುಬಿಟ್ರ ಪಾಪ ಬರತೈತ್ರಿ. ಕಣ್ಣಲೇ ನೋಡಿ ಹೋಗೂಣು ಅಂತ ಬಂದೆ. ಹುಡುಗಿ ಎಲ್ಲೈತ್ರಿ?” ಎಂದರು.

“ಧಾರವಾಡಕ್ಕ ಓಡಾಕ ಹೋಗ್ಯಾಳ್ರಿ” ಎಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಬಂದವರಿಗೆ ಏನಾದರೂ ಕೊಡಬೇಕಲ್ಲ. ತಾಟಿನಲ್ಲಿ ಒಂದಿಷ್ಟು ಚೂಡಾ, ಮನೆಯಲ್ಲಿ ಇದ್ದ ಸಿಹಿ ಅದೊಂದೇ ಎಂದು ಎರಡು ಅಂಟಿನ ಉಂಡೆ ಇಟ್ಟು ತಂದೆ. ಇಟ್ಟ ಮೇಲೆ ಎಂಥ ಕೆಲಸ ಮಾಡಿದೆನೆಂದು ತಿಳಿಯಿತು. ಶಿವಕ್ಕ ಚೂಡಾ ತಿಂದರು. ಉಂಡೆಯ ಕಡೆ ನೋಡಿದರು, ಮುಟ್ಟಲಿಲ್ಲ.

ಆಗ ಫೋನು ಬಂತು. ನಮ್ಮ ಮನೆಯವರು. ಹಿಂದೆ ಗದ್ದಲ, ಸೀಟಿಯ ಸದ್ದು.

“ಓಡಿದ್ಲು!” ಎಂದರು.

“ಕಾಲು?”

“ಕಾಲಿಗೆ ಏನೂ ಆಗಿಲ್ಲ. ಓಟ, ಜಿಗಿತ, ಗುಂಡು, ಮೂರರಾಗೂ ಪಾಸು. ನೀ ನೋಡಬೇಕಿತ್ತು ಅಕಿ ಓಡಿದ್ದು…” ಎಂದವರು, ಮಾತು ಬದಲಿಸಿ, “ಉಂಡಿ ಇನ್ನೂ ಅದಾವಿಲ್ಲ? ಅಕಿ ಕೇಳಾಕತ್ತಾಳ” ಎಂದರು.

ನಾನು ಫೋನು ಇಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಒರೆಸಿದಷ್ಟೂ ಬರುತ್ತಿತ್ತು. ಶಿವಕ್ಕ ಎಲ್ಲ ಕೇಳಿಸಿಕೊಂಡಿದ್ದರು.

“ಅಂದ್ರ ಖರೇನ ಓಡಾಕಂತ ಮಾಡಿದ್ರೇನ್ರಿ ಇವನ್ನ?”

“ಹೌದ್ರಿ. ಎಲಬು ಸೀಳಿತ್ತು.”

“ಇನ್ನ ನಿಮ್ಮ ಹುಡುಗಿ ನಮಗೆಲ್ಲಿ ಸಿಗತಾಳ ಬಿಡ್ರಿ” ಎಂದು ನಕ್ಕರು. ಸಿಟ್ಟಿನ ನಗುವಲ್ಲ. ಆಮೇಲೆ ತಾಟಿನಿಂದ ಒಂದು ಉಂಡೆ ಎತ್ತಿ, ಅಂಗೈಯಲ್ಲಿ ಹೊರಳಿಸಿ ನೋಡುತ್ತ ಕೂತರು. “ನಾ ಇದನ್ನ ತಿಂದು ಇಪ್ಪತ್ತಾರು ವರ್ಷ ಆತ್ರಿ. ಈ ಹುಡುಗ ಹುಟ್ಟಿದಾಗ. ಆಮ್ಯಾಲೆ ಮಗಳಿಗೆ ಎರಡು ಸಲ ಕಟ್ಟಿದೆ, ಹಿರೇ ಸೊಸಿಗೆ ಕಟ್ಟಿದೆ. ಕೈಗೆ ಹತ್ತಿದ್ದನ್ನ ಸೈತ ನೆಕ್ಕಲಿಲ್ಲ ನೋಡ್ರಿ.” ಮೊಣಕಾಲನ್ನು ಮೆಲ್ಲನೆ ತಿಕ್ಕಿಕೊಂಡರು. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಹೊರಗೆ ಯಾರೂ ಇರಲಿಲ್ಲ. ಆದರೂ ದನಿ ಇಳಿಸಿ, ನನ್ನ ಕಡೆ ಬಾಗಿ ಕೇಳಿದರು:

“ಟೀಚರ, ಹಡೀಲಾರದ ತಿಂದ್ರ ನಡೀತೈತೇನ್ರಿ?”

ನಾನು ತಾಟಿನಲ್ಲಿದ್ದ ಇನ್ನೊಂದು ಉಂಡೆಯನ್ನು ನನಗೆಂದು ಎತ್ತಿಕೊಂಡೆ.

“ನಡೀತೈತ್ರಿ” ಎಂದೆ. “ಎಲಬು ಇದ್ರ ಸಾಕು.”